ಸೂತಕದ ಮನೆಯ ಮೂರು ಗೂಡುಗಳು

ಹೋದ ವಾರ ಮರಳೂರಿನ ನಮ್ಮ ಮನೆಯ ಕಿಟಕಿ ಸರಳುಗಳಿಗೆ ಬಣ್ಣ ಹೊಡೆಯಲು ಬಂದ ಪೇಂಟರ್ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಕೈ ನಿಂತುಹೋಯಿತು. ಬೇರೆಯವರಿಗೆ ಅದು ಹಬ್ಬಕ್ಕೆ ಮುಂಚಿನ ವಾಸನೆ ಇರಬಹುದು. ನನಗೆ ಅದು ಹುಳ ಬಿದ್ದ ಗಾಯದ ವಾಸನೆ, ಕಾಂಪೌಂಡರ ಬೆರಳುಗಳ ವಾಸನೆ...

ಕಾಂಪೌಂಡರು ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ದನದ ಆಸ್ಪತ್ರೆಯ ಕೆಲಸ ಮಾಡಿ ನಿವೃತ್ತರಾದವರು. ಗುಬ್ಬಿ ರಸ್ತೆಯಿಂದ ಸ್ವಲ್ಪ ಒಳಗೆ ಅವರದೊಂದು ಸಣ್ಣ ತೆಂಗಿನ ತೋಟ ಇತ್ತು. ಅದಕ್ಕೆ ತಂತಿಬೇಲಿ ಹಾಕಿಸಿ, ಗಾಯಗೊಂಡ ನಾಯಿ, ಕರು, ಬೆಕ್ಕುಗಳನ್ನು ಇಟ್ಟುಕೊಂಡು ಒಬ್ಬರೇ ನೋಡಿಕೊಳ್ಳುತ್ತಿದ್ದರು.

ನಾನು ಮೊದಲು ಅಲ್ಲಿಗೆ ಹೋದದ್ದು ಒಂದು ನಾಯಿಯನ್ನು ಹೊತ್ತುಕೊಂಡು. ಅಂತರಸನಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನನಗೆ ಕೆಲಸ. ನಮ್ಮ ಗೇಟಿನ ಎದುರಿಗೆ ಲಾರಿ ಬಡಿದು ಬಿದ್ದಿದ್ದ ಹೆಣ್ಣುನಾಯಿಯ ತೊಡೆಯಲ್ಲಿ ಹುಳ ಬಿದ್ದಿತ್ತು. ಮೂರು ದಿನ ನಾವೆಲ್ಲ ಮೂಗು ಮುಚ್ಚಿಕೊಂಡು ಅದನ್ನು ದಾಟಿ ಹೋಗಿ ಟಿಫನ್ ಮಾಡಿದ್ದೆವು. ನಾಲ್ಕನೆಯ ದಿನ ನಾಚಿಕೆಯಾಗಿ ಆಟೋ ಹಿಡಿದೆ. ಕಾಂಪೌಂಡರು ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯನ್ನು ಗಾಯದ ಬಾಯಿಗೆ ಹಿಡಿದು, ಹೊರಬರುತ್ತಿದ್ದ ಹುಳಗಳಿಗೆ, “ಬನ್ನಿ ಸ್ವಾಮಿ, ಎದ್ದು ಬನ್ನಿ, ಬಾಡ್ಗೆ ಮುಗೀತು,” ಎಂದರು. ಮನುಷ್ಯರನ್ನೆಲ್ಲ ಏಕವಚನದಲ್ಲಿ ಮಾತಾಡಿಸುತ್ತಿದ್ದವರು ಹುಳಗಳಿಗೆ ಮಾತ್ರ ಮರ್ಯಾದೆ ಕೊಡುತ್ತಿದ್ದರು.

ಆಮೇಲೆ ನನಗೆ ಅದೇ ಹುಚ್ಚು ಹಿಡಿಯಿತು. ದಿನಾ ಬೆಳಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿ, ಅಂಗಳ ಗುಡಿಸಿ, ದೊಡ್ಡ ಪಾತ್ರೆಯಲ್ಲಿ ರಾಗಿ ಅಂಬಲಿ ಕಾಯಿಸಿ, ಅಂಗಡಿಯವರು ಕೊಡುತ್ತಿದ್ದ ಕೋಳಿ ಕಾಲುಗಳನ್ನು ಅದಕ್ಕೆ ಬೇಯಿಸಿ ಹಾಕಿ, ಆಮೇಲೆ ಡ್ಯೂಟಿಗೆ ಓಡುತ್ತಿದ್ದೆ. ನಾಯಿಗಳಿಗೆ ಅವರು ಹೆಸರಿಡುತ್ತಿರಲಿಲ್ಲ. ಎಲ್ಲಿ ಸಿಕ್ಕಿತೋ ಆ ಊರೇ ಅದರ ಹೆಸರು. “ಏಯ್ ಉಪ್ಪಾರಹಳ್ಳಿ, ಸುಮ್ಕಿರು! ಗುಬ್ಬಿ ಗೇಟು, ಅವುಳ್ ತಟ್ಟೆಗೆ ಯಾಕ್ಲಾ ಬಾಯಾಕ್ತೀಯ?” ಬೇಲಿಯಾಚೆ ನಿಂತು ಕೇಳಿದರೆ ಸಿಟಿ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದಾನೆ ಅನ್ನಿಸಬೇಕು. ನಾನು ತಂದವಳು ಅಂತರಸನಹಳ್ಳಿಯಾದಳು.

ಅಲ್ಲಿ ಒಂದೇ ಒಂದು ಕಟ್ಟುನಿಟ್ಟಿತ್ತು. ತೋಟದ ಮೂಲೆಯ ಪಂಪ್‌ಹೌಸಿನಲ್ಲಿ ಮೂರು ಗೂಡುಗಳು. ಹೊಸದಾಗಿ ಬಂದ ಪ್ರಾಣಿ ಹದಿನೈದು ದಿನ ಅಲ್ಲೇ ಇರಬೇಕು. ಅದರ ತಟ್ಟೆ ಬೇರೆ, ಪೊರಕೆ ಬೇರೆ, ಒಳಗೆ ಹೋದವರು ಫಿನಾಯಿಲ್ ನೀರಿನಲ್ಲಿ ಕಾಲು ತೊಳೆದೇ ಹೊರಗೆ ಬರಬೇಕು. ಅದಕ್ಕೆ ಅವರು ಸೂತಕದ ಮನೆ ಎನ್ನುತ್ತಿದ್ದರು. ಸೋಂಕು ಅಂದರೆ ಜನ ಕಿವಿಗೇ ಹಾಕಿಕೊಳ್ಳುವುದಿಲ್ಲ, ಸೂತಕ ಅಂದರೆ ಹತ್ತಿರವೂ ಸುಳಿಯುವುದಿಲ್ಲ ಎಂದು ನಗುತ್ತಿದ್ದರು. ಮೂರು ಗೂಡು ತುಂಬಿದ್ದರೆ ನಾಲ್ಕನೆಯದನ್ನು ಸೇರಿಸುತ್ತಿರಲಿಲ್ಲ. ಹಳ್ಳಿಯ ಯಾರದಾದರೂ ದನದ ಹಟ್ಟಿಯಲ್ಲಿ ಕಟ್ಟಿಹಾಕಿಸಿ, ತಾವೇ ಅಲ್ಲಿಗೆ ಹೋಗಿ ಔಷಧಿ ಹಾಕಿ ಬರುತ್ತಿದ್ದರು.

ನನಗೆ ಅಷ್ಟು ಸಾಲಲಿಲ್ಲ. ಇಷ್ಟು ಒಳ್ಳೆಯ ಕೆಲಸ ಯಾರಿಗೂ ಗೊತ್ತಿಲ್ಲವಲ್ಲ ಅನ್ನುವ ಸಂಕಟ. ಮುಖ್ಯ ರಸ್ತೆಯಲ್ಲಿ ಒಂದು ಬೋರ್ಡು ಹಾಕಿಸೋಣ ಎಂದೆ. ಅವರು ಗಾಯದಿಂದ ಕಣ್ಣೆತ್ತದೆ ಹೇಳಿದರು:

“ಬೋರ್ಡ್ ಬ್ಯಾಡ ಕಣಮ್ಮ. ನೋವಾಗಿರೋದನ್ನ ಎತ್ಕಂಡ್ ಬರೋರು ಹೆಂಗಾದ್ರೂ ಕೇಳ್ಕಂಡ್ ಬತ್ತಾರೆ. ಬೋರ್ಡ್ ನೋಡ್ಕಂಡ್ ಬರೋರು ಬುಟ್ಟೋಗಕ್ಕೆ ಬತ್ತಾರೆ.”

ಹಳೇ ಕಾಲದ ಮನುಷ್ಯ, ಇವರಿಗೇನು ಗೊತ್ತು ಅಂದುಕೊಂಡೆ. ಅವರು ಕುಣಿಗಲ್ಲಿಗೆ ಮದುವೆಗೆ ಹೋಗಿದ್ದ ದಿನ ನಮ್ಮ ಕಾರ್ಖಾನೆಯ ಪೇಂಟರನ್ನು ಕರೆತಂದು ‘ಪ್ರಾಣಿಗಳಿಗೆ ಇಲ್ಲಿ ಆಶ್ರಯವಿದೆ’ ಎಂದು ಹಸಿರು ಅಕ್ಷರದಲ್ಲಿ ಬರೆಸಿ, ಬಾಣದ ಗುರುತು ಹಾಕಿಸಿ ನಿಲ್ಲಿಸಿಯೇಬಿಟ್ಟೆ. ಮಾರನೆಯ ದಿನ ಅವರು ಅದನ್ನು ನೋಡಿ, “ಅಕ್ಷರ ಗುಂಡ್ಗವೆ,” ಎಂದರು, ಅಷ್ಟೇ. ಕಿತ್ತುಹಾಕಿಸಿದರೆ ನನಗೆ ಬೇಜಾರಾಗುತ್ತದೆ ಎಂದು ಸುಮ್ಮನಾದರೋ ಏನೋ... ಇವತ್ತಿಗೂ ಗೊತ್ತಿಲ್ಲ.

ಎರಡು ವಾರವಾಗಲಿಲ್ಲ, ಜನ ಬರತೊಡಗಿದರು. ಕೂದಲು ಉದುರಿತೆಂದು ಜಾತಿನಾಯಿಯನ್ನು ಗೇಟಿಗೆ ಕಟ್ಟಿ ಹೋದರು. ಕುರುಡು ಕರುವನ್ನು ಟೆಂಪೋದಿಂದ ಇಳಿಸಿ ಹೋದರು. ಕಾರಿನಲ್ಲಿ ಬಂದ ದಂಪತಿ, ಮಗುವಿಗೆ ಅಲರ್ಜಿ ಎಂದು ಬೆಕ್ಕನ್ನು ನನ್ನ ಕೈಗಿಟ್ಟು, ಅದರ ಜೊತೆ ಸೆಲ್ಫಿ ತೆಗೆದುಕೊಂಡು, ಕಣ್ಣೊರೆಸಿಕೊಂಡು ಹೋದರು. ಅವರ ಮುಖ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗೆ ಬಂದವಕ್ಕೆ ಊರಿನ ಹೆಸರು ಇರಲಿಲ್ಲ. ಕಾಂಪೌಂಡರು ಅವನ್ನೆಲ್ಲ ಬೋರ್ಡು ಎಂದೇ ಕರೆದರು. “ಬಾರ್ಲಾ ಬೋರ್ಡು, ಉಣ್ಣು ಬಾ.” ಅವರು ನನ್ನನ್ನು ಬೈದದ್ದು ಅಂತ ಇದ್ದರೆ ಅದೊಂದೇ.

ಒಂದು ಮಳೆಯ ಬೆಳಗ್ಗೆ ಗೇಟಿನ ಬುಡದಲ್ಲಿ ಸಿಮೆಂಟ್ ಚೀಲ ಅಲುಗಾಡುತ್ತಿತ್ತು. ಬಿಚ್ಚಿದರೆ ನಾಲ್ಕು ನಾಯಿಮರಿಗಳು, ತೊಯ್ದು ತೊಪ್ಪೆಯಾಗಿ ನಡುಗುತ್ತಿದ್ದವು. ಕಾಂಪೌಂಡರು ಗುಬ್ಬಿಯಲ್ಲಿ ಎಮ್ಮೆಯೊಂದಕ್ಕೆ ಹೆರಿಗೆ ಕಷ್ಟವಾಗಿದೆ ಎಂದು ಹೋಗಿದ್ದರು. ಸೂತಕದ ಮನೆಯ ಮೂರು ಗೂಡುಗಳಲ್ಲೂ ಬೋರ್ಡುಗಳೇ ತುಂಬಿದ್ದವು. ಹಳ್ಳಿಗೆ ಒಯ್ದು ಯಾರದಾದರೂ ಹಟ್ಟಿಯಲ್ಲಿ ಬಿಡಬಹುದಿತ್ತು. ಮಳೆ ಸುರಿಯುತ್ತಿತ್ತು, ನನಗೆ ಡ್ಯೂಟಿಗೆ ಹೊತ್ತಾಗುತ್ತಿತ್ತು. ತೋಟದಲ್ಲಿ ಮೊದಲೇ ಇದ್ದ ನಮ್ಮ ನಾಯಿಮರಿಗಳು ಹುಲ್ಲಿನ ಮೇಲೆ ಬೆಚ್ಚಗೆ ಮಲಗಿದ್ದವು. ಇವನ್ನೂ ಒರೆಸಿ ಅವುಗಳ ಪಕ್ಕದಲ್ಲೇ ಬಿಟ್ಟು, ಚೀಲವನ್ನು ಒಗೆದು ತಂತಿಗೆ ಹಾಕಿ ಹೋದೆ. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡೇ ಹೋದೆ.

ಸಂಜೆ ಬಂದಾಗ ಅವರು ಬೇಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದರು. “ಯಾವಾಗ ಬುಟ್ಟೆ?” ಎಂದರು. ಬೆಳಗ್ಗೆ ಎಂದೆ. “ಸೂತ್ಕ ಮುರ್ದೆ ಕಣಮ್ಮ,” ಎಂದರು.

ನಾಲ್ಕನೆಯ ದಿನ ವಾಂತಿ, ಆಮೇಲೆ ರಕ್ತಭೇದಿ. ಪಾರ್ವೋ, ಮರಿಯಿಂದ ಮರಿಗೆ ಅಂಟುವ ರೋಗ. ಚೀಲದಲ್ಲಿ ಬಂದವು ಮೊದಲು ಹೋದವು, ಆಮೇಲೆ ನಮ್ಮ ಮರಿಗಳು. ಕಾಂಪೌಂಡರು ಮೊಣಕಾಲೂರಿ ಕೂತು ಒಂದೊಂದಕ್ಕೂ ಡ್ರಿಪ್ ಹಿಡಿದರು. ಸತ್ತವನ್ನು ತೆಂಗಿನ ಬುಡದಲ್ಲಿ ಹೂತು, ಸುಣ್ಣ ಹಾಕಿ, ಕೈ ತೊಳೆದು ಮತ್ತೆ ಬಂದು ಕೂತರು. ಕೊನೆಗೆ ಹುಲ್ಲಿನ ಮೇಲೆ ಒಂದು ಮರಿಯೂ ಉಳಿಯಲಿಲ್ಲ.

ಆಗಾಗ ಬಂದು ನೋಡುತ್ತಿದ್ದ ಪಶುವೈದ್ಯರು ಅವತ್ತು ಸಿಟ್ಟಿನಲ್ಲಿದ್ದರು. “ಏನ್ರೀ ಕಾಂಪೌಂಡ್ರೇ, ಇಷ್ಟು ವರ್ಷ ಸರ್ವಿಸ್ ಮಾಡಿರೋ ನೀವೇ ಹಿಂಗಾ? ಹೊಸ ಮರೀನ ಒಳಗೆ ಬಿಟ್ಟೋರ್ಯಾರು?” ನಾನು ನಾಲ್ಕು ಮಾರು ದೂರದಲ್ಲಿ ಅಂಗಳ ಗುಡಿಸುತ್ತಿದ್ದೆ. ಕಾಂಪೌಂಡರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ನಾನೇ ಸಾ. ಮರ್ತು ಬುಟ್ಬುಟ್ಟೆ.”

“ವಯಸ್ಸಾಯ್ತು ನಿಮ್ಗೆ. ಸಾಕು ಮಾಡಿ ಇನ್ನ.”

ಪೊರಕೆ ಕೆಳಗಿಟ್ಟು ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ವೈದ್ಯರು ಹೋದ ಮೇಲಾದರೂ ಅವರ ಹತ್ತಿರ ಹೋಗಿ ತಪ್ಪಾಯಿತು ಎನ್ನಬಹುದಿತ್ತು, ಅದನ್ನೂ ಮಾಡಲಿಲ್ಲ. ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸಿದೆ.

ಅವರು ವೈದ್ಯರ ಮಾತಿನಂತೆಯೇ ಸಾಕು ಮಾಡಿದರು. ಬೋರ್ಡನ್ನು ತಾವೇ ಕಿತ್ತು ತಂದು, ಗೇಟಿಗೆ ಬೀಗ ಹಾಕಿದರು. ಇದ್ದವನ್ನು ಸಾಯುವ ತನಕ ನೋಡಿಕೊಂಡರು, ಹೊಸದನ್ನು ಸೇರಿಸಲಿಲ್ಲ. ಮುದುಕನಿಗೆ ಮರೆವು ಎಂದು ಸುದ್ದಿ ಹಬ್ಬಿದ ಮೇಲೆ ಹಳ್ಳಿಯವರು ಎಮ್ಮೆಗೂ ಅವರನ್ನು ಕರೆಯುವುದು ಬಿಟ್ಟರು. ನಾನು ದಿನಾ ಹೋಗುವುದು ಭಾನುವಾರಕ್ಕೆ ಇಳಿಯಿತು, ಆಮೇಲೆ ಹಬ್ಬಕ್ಕೆ... ಹೋದಾಗಲೆಲ್ಲ ಅವರು ಕಾಫಿ ಕೊಟ್ಟು, “ಅಂತರಸನಳ್ಳಿ ನಿನ್ನ ಕೇಳ್ತಿದ್ಲು,” ಎನ್ನುತ್ತಿದ್ದರು. ಕುಂಟುತ್ತ ಬಂದು ಅವಳು ನನ್ನ ಕಾಲ ಮೇಲೆ ತಲೆಯಿಡುತ್ತಿದ್ದಳು. ನನಗೆ ಅಲ್ಲಿ ಕೂರಲಾಗುತ್ತಿರಲಿಲ್ಲ.

ಕಾಂಪೌಂಡರು ತೀರಿಕೊಂಡ ಹನ್ನೊಂದನೆಯ ದಿನದ ಊಟಕ್ಕೆ ಹೋಗಿದ್ದೆ. ನನ್ನ ಪಕ್ಕದ ಎಲೆಯಲ್ಲಿ ಅದೇ ಪಶುವೈದ್ಯರು. “ಒಳ್ಳೇ ಮನುಷ್ಯ. ಕಡೇಲಿ ಮರೆವು ಬಂದು ಹೆಸರು ಕೆಡಿಸ್ಕೊಂಡ್ರು,” ಎಂದರು. ನಾನು ಹೌದು ಸಾರ್ ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು, ಪಾಯಸ ತಿನ್ನುತ್ತಿದ್ದ ಬಾಯಿಂದ.

ಪೇಂಟರ್ ಸಂಜೆ ಕೆಲಸ ಮುಗಿಸಿ ಹೋದ. ಕಿಟಕಿ ತೆರೆದಿಟ್ಟರೂ ಟರ್ಪೆಂಟೈನ್ ವಾಸನೆ ಇನ್ನೂ ಮನೆಯಿಂದ ಹೋಗಿಲ್ಲ. ಕಾಂಪೌಂಡರಿಗೆ ಮರೆವು ಇರಲಿಲ್ಲ. ಮರಿಗಳನ್ನು ಒಳಗೆ ಬಿಟ್ಟವಳು ನಾನು. ಈಗ ಬರೆದಿದ್ದೇನೆ, ಯಾರು ಬೇಕಾದರೂ ಓದಬಹುದು. ಕೇಳಬೇಕಾಗಿದ್ದವರು ಇಬ್ಬರೂ ನಾಲ್ಕು ಮಾರು ದೂರದಲ್ಲಿದ್ದಾಗ ನಾನು ಅಂಗಳ ಗುಡಿಸುತ್ತಿದ್ದೆ.