ಎರಡು ಬೆರಳಿನ ಓದು

ಮೇಡಂ ಅವರ ಎರಡೂ ತೋರುಬೆರಳುಗಳ ತುದಿ ಸದಾ ಕಪ್ಪಗಿರುತ್ತಿತ್ತು. ಪ್ರಿಂಟರ್ ರಿಬ್ಬನ್ನಿನ ಮಸಿ. ಕೃಷ್ಣಮೂರ್ತಿಪುರಂನ ಒಂದು ಮಹಡಿಯಲ್ಲಿ ನಾಲ್ಕೇ ಕಂಪ್ಯೂಟರಿದ್ದ ನಮ್ಮ ಆಫೀಸಿಗೆ ಅವರೇ ಹಿರಿಯರು. ಪ್ರೋಗ್ರಾಮನ್ನು ಪರದೆಯ ಮೇಲೆ ಓದಿದವರೇ ಅಲ್ಲ. ಪ್ರಿಂಟ್ ತೆಗೆಸಿ, ಮೇಜಿನ ತುಂಬ ಹರಡಿಕೊಂಡು, ಸಾಲುಸಾಲಿಗೂ ಬೆರಳಿಟ್ಟು ಓದುವರು. ನನಗೆ ಒಳಗೊಳಗೇ ನಗು.

ತೊಂಬತ್ತರ ದಶಕದ ಕೊನೆ. ಹೂಟಗಳ್ಳಿಯ ಒಂದು ಕಾರ್ಖಾನೆಗೆ ಫರ್ನೇಸಿನ ಶಾಖ ದಾಖಲಿಸುವ ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಪಾಳಿ ಮುಗಿದಾಗ ಆಪರೇಟರ್ ಅದನ್ನು ಮುಚ್ಚಬೇಕು. ಹಾಗೆ ಮುಚ್ಚುವಾಗ ಮೂರು ಸಲ ಅದು ಪಟ್ಟನೆ ಸತ್ತು, ಇಡೀ ಪಾಳಿಯ ದಾಖಲೆ ಮಾಯವಾಯಿತು. ಮೂರು ಸಲವೂ ಒಬ್ಬರೇ ಆಪರೇಟರ್. ನಾನು ಆಫೀಸಿನಲ್ಲಿ ಇಪ್ಪತ್ತು ಸಲ ಮುಚ್ಚಿ ನೋಡಿದೆ, ಏನೂ ಆಗಲಿಲ್ಲ. ಪ್ರೋಗ್ರಾಂ ಸರಿಯಿದೆ ಎಂದು ಕಾರ್ಖಾನೆಗೆ ಬರೆದುಕೊಟ್ಟೆ. ಅಲ್ಲಿ ಆ ಆಪರೇಟರನ್ನು ಸಸ್ಪೆಂಡ್ ಮಾಡಿದರು.

ವಿಷಯ ತಿಳಿದು ಮೇಡಂ ಕೆಂಡಾಮಂಡಲವಾದರು. "ನಿನ್ ಮುಂದೆ ಆಗ್ಲಿಲ್ಲ ಅಂದ್ರೆ ಎಲ್ಲೂ ಆಗಲ್ಲ ಅಂತೇನೋ? ಯಾರ್ನ ಕೇಳಿ ಬರ್ದುಕೊಟ್ಟೆ?"

ಕಾರ್ಖಾನೆಯ ಹಳೇ ಕಂಪ್ಯೂಟರನ್ನೇ ತರಿಸಿದರು. ಅದರಲ್ಲಿ ಪ್ರೋಗ್ರಾಂ ಒಮ್ಮೆ ಸಾಯುತ್ತಿತ್ತು, ಹತ್ತು ಸಲ ಇಲ್ಲ. ಎಲ್ಲಿ ಸಾಯುತ್ತದೆಂದು ನೋಡಲು ನಡುವೆ ಒಂದು ಸಾಲು ಸೇರಿಸಿದರೆ ಸಾಯುವುದೇ ಇಲ್ಲ. ಆ ಸಾಲು ತೆಗೆದರೆ ಮತ್ತೆ ಅದೇ ಕಥೆ. ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

"ನಂಗೂ ತಲೆಬುಡ ತಿಳೀತಿಲ್ಲ ಕಣೋ," ಎಂದರು ಮೇಡಂ. ಹಿರಿಯರ ಬಾಯಲ್ಲಿ ಆ ಮಾತು ಅದೇ ಮೊದಲು ಕೇಳಿದ್ದು.

ಮೂರನೇ ದಿನ ಎರಡು ಹಾಳೆ ಪಕ್ಕಪಕ್ಕ ಇಟ್ಟುಕೊಂಡರು. ಎಡಬೆರಳು ಶಾಖ ಬರೆದುಕೊಳ್ಳುವ ಕೆಲಸದ ಮೇಲೆ, ಬಲಬೆರಳು ಮುಚ್ಚುವ ಕೆಲಸದ ಮೇಲೆ. ಕಂಪ್ಯೂಟರಿನೊಳಗೆ ಎರಡೂ ಒಟ್ಟಿಗೇ ನಡೆಯುತ್ತಿರುತ್ತವೆ. "ಯಾವ ಬೆರಳು ಮುಂದಕ್ಕೆ? ನೀನೇ ಹೇಳ್ತಾ ಹೋಗು."

ಬಾಯಿಗೆ ಬಂದಂತೆ ಎಡ, ಬಲ, ಬಲ ಎನ್ನುತ್ತಾ ಹೋದೆ. ಬಲಬೆರಳು ದಾಖಲೆಯಿದ್ದ ಜಾಗವನ್ನು ಖಾಲಿ ಮಾಡುವ ಸಾಲಿಗೆ ಬಂತು. ಎಡಬೆರಳು ಇನ್ನೂ ಅದೇ ಜಾಗದಲ್ಲಿ ಬರೆಯುತ್ತಿತ್ತು!

"ಒಳಗೆ ಜನ ಇದ್ದಂಗೇ ಮನೆ ಕೆಡವ್ಬುಟ್ಟಿದೀವಲ್ಲೋ!"

ಯಾವ ಬೆರಳು ಮುಂದೆ ಎಂಬುದು ಪ್ರತಿಸಲವೂ ಬೇರೆ; ಮೂರು ಸಲವೂ ಅದು ಆ ಆಪರೇಟರ್ ಪಾಳಿಗೇ ಬಿದ್ದದ್ದು ಬರೀ ಆಕಸ್ಮಿಕ. ಬರೆಯುವುದು ನಿಂತ ಮೇಲೆಯೇ ಮುಚ್ಚುವಂತೆ ತಿದ್ದಿದೆವು. "ಸರಿಹೋಯ್ತಾ ಮೇಡಂ?" ಎಂದೆ.

"ಮತ್ತೆ ಬಂದಿಲ್ಲ ಅನ್ನು. ಅಷ್ಟೇ ನಮಗೆ ಗೊತ್ತಿರೋದು."

ತಪ್ಪು ನಮ್ಮದೆಂಬ ಪತ್ರವನ್ನು ಅವರೇ ಬರೆದರು. ಕ್ಷಮೆ ಕೇಳಲು ಆಪರೇಟರ್ ಮನೆಗೆ ಮಾತ್ರ ನನ್ನನ್ನೇ ಅಟ್ಟಿದರು. ನನ್ನ ಎರಡರಷ್ಟು ವಯಸ್ಸಿನ ಆ ಆಪರೇಟರ್ ಮಂಡಿ ಮೊಹಲ್ಲಾದ ತಮ್ಮ ಮನೆಯ ಬಾಗಿಲಲ್ಲಿ ನಿಂತೇ ಎಲ್ಲ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಾ, "ನಾನೇ ಏನೋ ಒತ್ಬುಟ್ಟಿರ್ಬೇಕು ಅಂತ ನಂಬ್ಬುಟ್ಟಿದ್ದೆ ಸಾರ್. ತಪ್ಪಾಯ್ತು ಅಂತ ನೆನ್ನೆ ಫ್ಯಾಕ್ಟ್ರೀಲಿ ಬರ್ದೂ ಕೊಟ್ಬುಟ್ಟು ಬಂದೆ," ಎಂದರು.

ಅವರಿಗೆ ಕೆಲಸ ಮರಳಿ ಸಿಕ್ಕಿತು. ಮೇಡಂ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಬಾಗಿಲಿಗೆ ನನ್ನನ್ನು ಅಟ್ಟಿದ ಋಣ ಇನ್ನೂ ನನ್ನ ಮೇಲಿದೆ. ಅವತ್ತು ಮಾತ್ರ ದಾರಿಯುದ್ದಕ್ಕೂ ಮೇಡಂ ಅವರನ್ನು ಬೈದುಕೊಂಡೇ ಹೋಗಿದ್ದೆ.