ಶಾಖೆಗೆ ಓಡಿಬಂದ ನಮ್ಮ ಕುರಿಗಳು

ನಮ್ಮ ಕುಬಟೂರಿನಲ್ಲಿ ಹಿಂದೂ ಸಂಘಟನೆಯೊಂದರ ಶಾಖೆ ಸಂಜೆ ಮೈದಾನದಲ್ಲಿ ನಡೆಯುತ್ತದೆ. ಅದನ್ನು ನಡೆಸುವ ಮುಖ್ಯಶಿಕ್ಷಕ ನಾನಾಗಬೇಕೆಂದು ಆಸೆಯಿತ್ತು. ದೇಶಸೇವೆ ಒಂದು ಕಾರಣ. ಮುಖ್ಯಶಿಕ್ಷಕನ ಕೊರಳಲ್ಲಿ ತೂಗುವ ಸೀಟಿ ಉಳಿದ ಕಾರಣವೆಲ್ಲ. ಅಭ್ಯಾಸಕ್ಕೆಂದು ಅದನ್ನು ಒಂದು ವಾರ ನನಗೇ ಕೊಟ್ಟಿದ್ದರು. ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲದ್ದರಿಂದ ಕುರಿಗಳನ್ನು ಪಳಗಿಸಿದೆ. ಸೀಟಿ ಊದಿದಾಗ ಬಂದವಕ್ಕೆ ಹಿಡಿ ಜೋಳ. ಅವುಗಳ ಶಿಸ್ತಿಗೆ ಮಿಲಿಟರಿಯವರೂ ನಾಚಬೇಕಿತ್ತು.

ಆಯ್ಕೆಗೆಂದು ಶಿಕಾರಿಪುರದಿಂದ ಹಿರಿಯರೊಬ್ಬರು ಬಂದರು. "ಸಂಘಟನೆ ಯಾಕೆ ಹುಟ್ತು, ಹೇಳಪಾ," ಎಂದರು.

ನಾನು ಎದೆಯುಬ್ಬಿಸಿದೆ. "ಬ್ರಿಟಿಷರ ಕಾಲದಾಗೆ ಹಿಂದೂಗಳು ಜಾತಿ ಜಾತಿ ಅಂತ ಚದುರಿದ್ರು ರೀ. ಅವರನ್ನ ಒಂದು ಮಾಡಿ, ಶಿಸ್ತು ಕಲ್ಸಿ, ಹಿಂದೂ ರಾಷ್ಟ್ರ ಕಟ್ಟಾಕೆ ಹುಟ್ತು. ಒಂದು ಸೀಟಿ ಊದಿದ್ರೆ ಎಲ್ರೂ ಸೇರ್ಬೇಕು."

ತೋರಿಸಲೆಂದು ಊದಿಯೂಬಿಟ್ಟೆ.

ಹುಡುಗರು ಮೇಲೇಳುವ ಮೊದಲೇ ಪಕ್ಕದ ಬಯಲಲ್ಲಿ ಮೇಯುತ್ತಿದ್ದ ನಮ್ಮ ಹಿಂಡು ಓಡಿಬಂತು. ಜೋಳ ಸಿಗದ ಟಗರೊಂದು ಹಿರಿಯರ ಪಂಚೆಗೇ ಬಾಯಿ ಹಾಕಿತು.

"ಸಂಘಟನೆ ಏನೋ ಚಲೋ ಮಾಡೀಯ ಬಿಡು," ಎಂದು ಪಂಚೆ ಬಿಡಿಸಿಕೊಂಡ ಅವರು, ಸೀಟಿಯನ್ನು ಹುಡುಗರ ನಡುವೆ ಇದ್ದ ಕೆಳಗಿನ ಕೇರಿಯ ನನ್ನ ಗೆಳೆಯನ ಕೊರಳಿಗೆ ಹಾಕಿದರು.

ಅವನು ಖುಷಿಯಿಂದ ಊದುತ್ತಲೇ ಮನೆಗೆ ಹೊರಟ. ಕುರಿಗಳು ನನ್ನತ್ತ ತಿರುಗಿಯೂ ನೋಡದೆ ಅವನ ಹಿಂದೆ ನಡೆದವು.

ಒಬ್ಬನೇ ಬಂದ ನನ್ನನ್ನು ಅಪ್ಪ ಮೇಲಿಂದ ಕೆಳಗೆ ನೋಡಿದರು. "ಊರು ಒಂದು ಮಾಡಾಕೆ ಹೋದೋನು ಮನೆ ಕುರಿನೂ ಬಿಟ್ಟು ಬಂದ್ಯೇನೋ?"

ಗೆಳೆಯನ ಬಾಗಿಲಲ್ಲಿ ನಿಂತು ನಾನು "ಮುಖ್ಯಶಿಕ್ಷಕ್ ಜೀ" ಎಂದು ಗೌರವದಿಂದ ಕರೆದ ಮೇಲೆಯೇ ಅವನು ನಮ್ಮ ದೊಡ್ಡಿಯವರೆಗೆ ಸೀಟಿ ಊದಿಕೊಂಡು ಬಂದ. ಕುರಿಗಳ ಸಾಲಿನ ಕೊನೆಯಲ್ಲಿ ನಾನೂ ಬಂದೆ.