ಸಾರಾ ಎಂದರೆ ರಾಜಕುಮಾರಿ

ಕಳೆದ ತಿಂಗಳು ಮೂಡಲಗಿಯ ಮಂಗಲ ಕಾರ್ಯಾಲಯದಲ್ಲಿ, ಪ್ಲಾಸ್ಟಿಕ್ ಹೂ ಸುತ್ತಿದ ಬಾಡಿಗೆ ತೊಟ್ಟಿಲಿನ ಸರಪಳಿ ಕಿರುಗುಟ್ಟಿದ್ದೇ ತಡ, ನನಗೆ ಕೌಜಲಗಿಯ ನಮ್ಮ ಹಳೆಯ ಮನೆ ನೆನಪಾಯಿತು. ಆ ಮನೆ ಈಗಿಲ್ಲ. ಅಲ್ಲಿ ಗೊಬ್ಬರದ ಗೋದಾಮು ನಿಂತಿದೆ. ನಮ್ಮ ಮನೆಯ ಹೊರಗೋಡೆಯ ಗೂಡಿನಲ್ಲಿ ಹಿಡಿಕೆ ಮುರಿದ ಚಹದ ಕಪ್ಪೊಂದು ಬೋರಲಾಗಿ ಕೂತಿರುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದಿರಬೇಕು, ಇರಲಿಲ್ಲ ಎನ್ನಬೇಡಿ. ನಮ್ಮನೆಯದು ಸಾರಾಬಾಯಿಯ ಕಪ್ಪು.

ಸಾರಾಬಾಯಿ ಗೋಕಾಕದಿಂದ ಬಸ್ಸಿನಲ್ಲಿ ಬರುತ್ತಿದ್ದ ಕ್ರೈಸ್ತ ನರ್ಸು. ಅವ್ವನ ಎರಡು ಕೂಸು ಹೋದ ಮೇಲೆ ನನ್ನ ತಂಗಿಯನ್ನು ಉಳಿಸಿಕೊಟ್ಟವಳು. ಹುಟ್ಟಿದ ಕೂಸು ಅಳಲಿಲ್ಲ. ಬಾಯಿಗೆ ಬಾಯಿಟ್ಟು ಉಸಿರೂದಿದಳು. ಆ ಬಾಯಿ ನಮ್ಮ ಕೂಸಿಗೆ ನಡೆಯಿತು, ನಮ್ಮ ಕಪ್ಪಿಗೆ ನಡೆಯಲಿಲ್ಲ. ಚಹಾ ಕುಡಿದು ತಾನೇ ತೊಳೆದಿಟ್ಟು ಹೋಗಬೇಕು. ಇದು ಅಪ್ಪನ ಅಕ್ಕ ನೀಲವ್ವತ್ತೆಯ ಕಾಯಿದೆ. ಅತ್ತೆ ದಿನಾ ವಿಭೂತಿ ಹಚ್ಚಿಕೊಂಡು, ಮನುಷ್ಯರೆಲ್ಲ ಒಂದೇ ಎನ್ನುವ ವಚನಗಳನ್ನು ಕಣ್ಣುಮುಚ್ಚಿ ಹಾಡುತ್ತಿದ್ದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಅವಳನ್ನು ನೋಡಿಯೇ ಹುಟ್ಟಿರಬೇಕು.

ಬಾಣಂತಿ ಅವ್ವ ಒಮ್ಮೆ ಆ ಹೆಸರಿನ ಅರ್ಥ ಕೇಳಿದಳು. “ಹಿಬ್ರೂ ಮಾತಿನ್ಯಾಗ ರಾಜಕುಮಾರಿ ಅಂತ್ರಿ. ಬೈಬಲ್ಲಿನ್ಯಾಗ ಸಾರಾ ಅಂತ ಒಬ್ಬಾಕಿ ಬರ್ತಾಳ್ರಿ, ಮೊದಲ ಆಕಿ ಹೆಸರು ಸಾರಯ ಇತ್ತು. ಮುಪ್ಪಿನ್ಯಾಗ ಕೂಸು ಕೊಡ್ತೇನಿ ಅಂತ ದೇವರೇ ಬದಲಿಸಿದ,” ಎಂದಳು ಸಾರಾಬಾಯಿ, ಕಪ್ಪು ತೊಳೆಯುತ್ತ. ಅವ್ವ ಅಂದಳು: “ಹಂಗಾರ ನನ್ನ ಕೂಸಿಗೂ ಅದೇ ಹೆಸರು ಇಡ್ತೇನ್ರಿ ಬಾಯಾರ.”

ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಅತ್ತೆ ತೊಟ್ಟಿಲ ಮುಂದೆಯೇ ಸಿಡಿದಳು. “ಆಕಿ ಹೆಸರು ನಮ್ಮ ತೊಟ್ಟಲದಾಗ? ನಾ ಸತ್ತ ಮ್ಯಾಲ ಇಡ್ರಿ!” ಕೂಸು ಗಂಗವ್ವ ಆಯಿತು. ಹೊಸ್ತಿಲಾಚೆ ನಿಂತು ಎಲ್ಲ ಕೇಳಿಸಿಕೊಂಡ ಸಾರಾಬಾಯಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅವ್ವ ಮಾತ್ರ, ಯಾರೂ ಇಲ್ಲದಾಗ, ತಂಗಿಯ ತಲೆಗೆ ಎಣ್ಣೆ ಹಚ್ಚುತ್ತ ‘ಸಾರಾ’ ಎಂದು ಕರೆಯುತ್ತಿದ್ದಳು. ಸಾಯುವತನಕ ಕರೆದಳು.

ಕಳೆದ ತಿಂಗಳು ಮೂಡಲಗಿಯಲ್ಲಿ ತೊಟ್ಟಿಲಲ್ಲಿದ್ದದ್ದು ನನ್ನ ಅಣ್ಣನ ಮೊಮ್ಮಗಳು. ತಾನು ಸತ್ತ ಮೇಲೆ ಇಡಿ ಎಂದಿದ್ದ ಅತ್ತೆ ಇನ್ನೂ ಗಟ್ಟಿಯಾಗಿದ್ದಾಳೆ. “ಸಾರಾ ಅಂತ ಇಡಾಕತ್ತೇವಿ. ರಾಜಕುಮಾರಿ ಅಂತ ಅರ್ಥ ಐತಂತವಾ, ಭಾಳ ಸ್ಟ್ಯಾಂಡರ್ಡ್ ಹೆಸರು,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

“ಎಲ್ಲಿಂದ ಬಂತು ಅತ್ತಿ ಈ ಹೆಸರು?” ಎಂದು ಕೇಳಿದೆ.

“ಫೋನಿನ್ಯಾಗಿಂದ,” ಎಂದಳು.

ಮರೆತಿದ್ದಳೋ, ಮರೆತವಳಂತೆ ನಟಿಸಿದಳೋ; ಎರಡೂ ನನಗೆ ಒಂದೇ ಹೇಸಿಗೆ. ಮನೆಗೆ ಹಿರಿಯಳೆಂದು ತಾನೇ ಬಗ್ಗಿ ಕುರ್ರ್ ಎಂದಳು. ಮುದುಕಿಯೆಂದು ಹೆಂಗಸರು ಬೆನ್ನು ಮುಟ್ಟಿದಂತೆ ಮಾಡಿದರು. ನಾನು ಗುದ್ದಿದೆ. ಕೈಗೆ ಬರೀ ಎಲುಬು ಹತ್ತಿತು. “ಯವ್ವಾ, ಸಾವಕಾಶ!” ಎಂದು ಎಲ್ಲರೂ ನಕ್ಕರು. ಆಮೇಲೆ ಒಟ್ಟಾಗಿ ‘ಸಾರಾ’ ಎಂದು ಕೂಗಿದರು. ನನ್ನ ಪಕ್ಕದಲ್ಲಿದ್ದ ಗಂಗವ್ವ, ಅರ್ಧ ತಲೆ ನರೆತವಳು, ಅವ್ವ ಕರೆದಳೆಂಬಂತೆ ಥಟ್ಟನೆ ಹಿಂತಿರುಗಿ ನೋಡಿದಳು.